ಏನೇ ಅನ್ನಿ, ರಸ್ತೆ ಮಾಡಿಸಿದನಲ್ಲ!

ಕ್ಯಾಬಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ರಾಜಕೀಯದ ಮಾತು ಎಲ್ಲೇ ಶುರುವಾಗಲಿ, ಹತ್ತು ನಿಮಿಷದೊಳಗೆ ಯಾರಾದರೊಬ್ಬರು ಈ ವಾಕ್ಯ ಹೇಳೇ ಹೇಳ್ತಾರೆ: "ಏನೇ ಅನ್ನಿ, ರಸ್ತೆ ಮಾಡಿಸಿದನಲ್ಲ!" ಯಾರ ಬಗ್ಗೆ ಅನ್ನೋದು ಮುಖ್ಯವಲ್ಲ. ಹೆಸರು ಬದಲಾಗುತ್ತೆ, ಪಕ್ಷ ಬದಲಾಗುತ್ತೆ, ವಾಕ್ಯ ಮಾತ್ರ ಹಾಗೇ ಉಳಿಯುತ್ತೆ. ದುಡ್ಡು ಹೊಡೆದ, ಒಪ್ಪಿದೆ. ಎದುರು ಮಾತಾಡಿದವರನ್ನು ಒಳಗೆ ಹಾಕಿಸಿದ, ಅದೂ ಸರಿ. ಆದ್ರೆ ರಸ್ತೆ ನೋಡಿ ಸ್ವಾಮಿ, ಬೆಣ್ಣೆ ಥರ ಇದೆ!

ಈ ವಾಕ್ಯಕ್ಕೆ ತವರುಮನೆ ಅಂತ ಒಂದಿದ್ದರೆ ಅದು ಜರ್ಮನಿ. ಹಿಟ್ಲರನ ಮಾತು ಬಂದಾಗಲೆಲ್ಲ "ಆದ್ರೆ ಆಟೋಬಾನ್ ಕಟ್ಟಿಸಿದ್ದು ಅವನೇ ಅಲ್ವಾ" ಅನ್ನುವವರು ಪ್ರಪಂಚದ ಎಲ್ಲ ಭಾಷೆಗಳಲ್ಲೂ ಇದ್ದಾರೆ. ಜರ್ಮನಿಯಲ್ಲೇ 2007ರಲ್ಲಿ ಒಬ್ಬ ಹೆಸರಾಂತ ಟಿವಿ ನಿರೂಪಕಿ ಒಂದು ಟಾಕ್ ಶೋನಲ್ಲಿ, ಆ ಕಾಲದಲ್ಲಿ ಆಟೋಬಾನ್‌ಗಳನ್ನೂ ಕಟ್ಟಿದರು, ಇವತ್ತು ನಾವು ಅದರ ಮೇಲೇ ಓಡಾಡುತ್ತೇವೆ ಎಂಬರ್ಥದ ಮಾತಾಡಿದರು. ಜಗಳ ಬೆಳೆದು ಕೊನೆಗೆ ಅವರು ಆ ಕಾರ್ಯಕ್ರಮದ ನಡುವೆಯೇ ಎದ್ದು ಹೋಗಬೇಕಾಯಿತು.

ಬಾಯಿ ಮುಚ್ಚಿಸುವುದರಿಂದ ಈ ವಾಕ್ಯಕ್ಕೆ ಉತ್ತರ ಸಿಗುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅದನ್ನು ಹೇಳುವವರೆಲ್ಲ ಕೆಟ್ಟವರೇನಲ್ಲ. ದಿನಕ್ಕೆ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತು, ಗುಂಡಿ ಎಣಿಸಿ ಸುಸ್ತಾದವರು. ಅವರ ಮಾತಿನ ಒಳಗೆ ನಿಜಕ್ಕೂ ಒಂದು ನೈತಿಕ ಪ್ರಶ್ನೆ ಇದೆ. ಒಬ್ಬ ಮಾಡಿದ ಒಳ್ಳೆಯದನ್ನು ಅವನು ಮಾಡಿದ ಕೆಟ್ಟದ್ದರಿಂದ ಕಳೆಯಬಹುದಾ? ಬ್ಯಾಂಕ್ ಪಾಸ್‌ಬುಕ್ಕಿನ ಹಾಗೆ ಇತ್ತ ಜಮಾ, ಅತ್ತ ಖರ್ಚು, ಕೊನೆಗೆ ಒಂದು ಬಾಕಿ ಅಂತ ಬರೆಯಬಹುದಾ?

ಇದಕ್ಕೆ ಉತ್ತರ ಹುಡುಕೋದಕ್ಕೆ ಜನ ಓಡಾಡುವ ಆಟೋಬಾನ್‌ಗಿಂತ, ಒಂದೇ ಒಂದು ಕಾರೂ ಓಡದ ಆಟೋಬಾನ್ ಒಳ್ಳೆಯ ಜಾಗ. ಅಂಥದ್ದೊಂದು ಇದೆ. ಅದರ ಹೆಸರು ಸ್ಟ್ರೆಕ್ಕೆ 46, ಅಂದರೆ 46ನೇ ಮಾರ್ಗ.

ಜರ್ಮನಿಯ ನಡುಭಾಗದ ಫುಲ್ಡಾದ ಕಡೆಯಿಂದ ದಕ್ಷಿಣದ ವ್ಯೂರ್ಟ್ಸ್‌ಬುರ್ಗ್ ಕಡೆಗೆ ಹೋಗಬೇಕಿದ್ದ ಸುಮಾರು 70 ಕಿ.ಮೀ. ದಾರಿ ಇದು. 1937ರಲ್ಲಿ ಕೆಲಸ ಶುರುವಾಯಿತು. ಕಾಡು ಕಡಿದರು, ಮಣ್ಣಿನ ಏರಿ ಹಾಕಿದರು, ತೊರೆಗಳಿಗೆ ಮೋರಿ ಕಟ್ಟಿದರು, ಹಳ್ಳಿ ದಾರಿಗಳು ಅಡ್ಡ ಬಂದ ಕಡೆಯೆಲ್ಲ ಸೇತುವೆ ಎಬ್ಬಿಸಿದರು. 1939ರ ಅಕ್ಟೋಬರಿನಲ್ಲಿ ಕೆಲಸ ನಿಂತಿತು. ಮತ್ತೆ ಶುರುವಾಗಲೇ ಇಲ್ಲ. ಯುದ್ಧ ಮುಗಿದ ಮೇಲೆ, 1960ರ ದಶಕದಲ್ಲಿ, ಪಶ್ಚಿಮ ಜರ್ಮನಿ ಇದೇ ಎರಡು ಊರುಗಳ ನಡುವೆ ಹೆದ್ದಾರಿ ಮಾಡಿತು. ಆದರೆ ಹಳೇ ಜಾಡು ಬಿಟ್ಟು ಇನ್ನಷ್ಟು ಪೂರ್ವಕ್ಕೆ, ರೋನ್ ಗುಡ್ಡಗಳ ಮೂಲಕ. ಅದೇ ಇವತ್ತಿನ ಎ-7. ಹಳೆಯದನ್ನು ಕಾಡಿಗೇ ಬಿಟ್ಟರು.

ಕೆಲಸದ ಮೇಲೆ ಎರಡು ವರ್ಷ ಫ್ರಾಂಕ್‌ಫರ್ಟ್‌ನಲ್ಲಿದ್ದಾಗ ಒಂದು ಭಾನುವಾರ ಅದನ್ನು ನೋಡಿ ಬಂದೆ. ಗೆಮ್ಯುಂಡೆನ್‌ನಲ್ಲಿ ರೈಲು ಬದಲಿಸಿ ಬುರ್ಗ್‌ಸಿನ್ ಅನ್ನೋ ಸಣ್ಣ ಊರಲ್ಲಿ ಇಳಿದು ನಡೆದರೆ ಆಯಿತು. ಮೊದಲಿಗೆ ಏನೂ ಗೊತ್ತಾಗುವುದಿಲ್ಲ. ಕಾಡಿನೊಳಗೆ ಒಂದು ಉದ್ದನೆಯ ದಿಬ್ಬ, ಅದರ ಮೇಲೆ ಮರಗಳು, ಅಷ್ಟೆ. ಆಮೇಲೆ ಇದ್ದಕ್ಕಿದ್ದ ಹಾಗೆ ಮರಗಳ ನಡುವೆ ಒಂದು ಸೇತುವೆ. ಕೆತ್ತಿದ ಕಲ್ಲು, ಅಳೆದು ಇಟ್ಟ ಹಾಗಿರುವ ಕಮಾನು. ಅದರ ಕೆಳಗೆ ಒಂದು ಮಣ್ಣುದಾರಿ ಹಾದು ಹೋಗುತ್ತೆ. ಮೇಲೆ ಏನೂ ಹಾದು ಹೋಗಲ್ಲ. ನಲವತ್ತಕ್ಕೂ ಹೆಚ್ಚು ಇಂಥ ಸೇತುವೆ, ಮೋರಿಗಳು ಅಲ್ಲಲ್ಲಿ ಉಳಿದಿವೆ. 2003ರಿಂದ ಇವು ಸಂರಕ್ಷಿತ ಸ್ಮಾರಕ.

ಜೊತೆಗೆ ಬಂದಿದ್ದ ಜರ್ಮನ್ ಸಹೋದ್ಯೋಗಿಗೆ "ಎಷ್ಟು ಚೆನ್ನಾಗಿ ಕಟ್ಟಿದ್ದಾರೆ!" ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಆ ಮಾತನ್ನು ಹೇಗೆ ಹೇಳಬೇಕು ಅನ್ನೋದೇ ನಮಗೆ ಕಷ್ಟ" ಅಂದಳು. ಆ ಕಷ್ಟ ಏನು ಅಂತ ಬಿಡಿಸಿ ನೋಡಬೇಕು ಅನ್ನಿಸಿದ್ದು ಅವತ್ತೇ.

ಮೊದಲು ಜಮಾ ಕಾಲಂ ನೋಡೋಣ. ಅಲ್ಲಿ ಬರೆದಿರೋದು ನಿಜಕ್ಕೂ ಅವನ ಖಾತೆಯದ್ದಾ?

ಕಾರುಗಳಿಗೇ ಮೀಸಲಾದ ರಸ್ತೆ ಎಂಬ ಕಲ್ಪನೆ ನಾಜಿಗಳದ್ದಲ್ಲ. ಬರ್ಲಿನ್ನಿನ ಆವುಸ್ ರಸ್ತೆ ಶುರುವಾಗಿದ್ದು 1921ರಲ್ಲಿ. ಇಟಲಿಯಲ್ಲಿ ಮಿಲಾನಿನಿಂದ ಸರೋವರಗಳ ಕಡೆಗೆ ಹೋಗುವ ಹೆದ್ದಾರಿಯ ಮೊದಲ ಭಾಗ ತೆರೆದದ್ದು 1924ರಲ್ಲಿ. ಹ್ಯಾಂಬರ್ಗ್‌ನಿಂದ ಫ್ರಾಂಕ್‌ಫರ್ಟ್ ಮೂಲಕ ಬಾಸೆಲ್‌ವರೆಗೆ ಹೆದ್ದಾರಿ ಬೇಕು ಅಂತ 1926ರಲ್ಲೇ 'ಹಾಫ್ರಾಬಾ' ಎಂಬ ಸಂಘ ಹುಟ್ಟಿ, ನಕ್ಷೆಗಳನ್ನೂ ಬರೆದಿಟ್ಟಿತ್ತು. ಆ ವರ್ಷಗಳಲ್ಲಿ ಸಂಸತ್ತಿನಲ್ಲಿ ಈ ಯೋಜನೆಗೆ ಅಡ್ಡಗಾಲು ಹಾಕಿದವರಲ್ಲಿ ನಾಜಿ ಪಕ್ಷವೂ ಒಂದು! 1932ರ ಆಗಸ್ಟ್ 6ರಂದು ಕೊಲೋನ್ ಮತ್ತು ಬಾನ್ ನಡುವೆ ಸುಮಾರು 20 ಕಿ.ಮೀ. ಉದ್ದದ, ಅಡ್ಡರಸ್ತೆಗಳಿಲ್ಲದ ರಸ್ತೆಯನ್ನು ಉದ್ಘಾಟಿಸಿದ್ದು ಕೊಲೋನಿನ ಮೇಯರ್ ಕೊನ್ರಾಡ್ ಅಡೆನಾವರ್. ಮರುವರ್ಷ ನಾಜಿಗಳು ಅಧಿಕಾರಕ್ಕೆ ಬಂದು ಅವರನ್ನು ಕುರ್ಚಿಯಿಂದ ಇಳಿಸಿದರು. ಆ ರಸ್ತೆಯ ದರ್ಜೆಯನ್ನೂ ಸಾಧಾರಣ ರಸ್ತೆಯ ಮಟ್ಟಕ್ಕೆ ಇಳಿಸಿದರು. ಮೊದಲನೆಯದು ಅನ್ನಿಸಿಕೊಳ್ಳುವ ಜಾಗ ಖಾಲಿ ಆಗಬೇಕಿತ್ತಲ್ಲ.

ಆಮೇಲೆ 1933ರ ಜೂನ್ 27ಕ್ಕೆ ಹೊಸ ಕಾನೂನು, ಸೆಪ್ಟೆಂಬರ್ 23ಕ್ಕೆ ಫ್ರಾಂಕ್‌ಫರ್ಟ್ ಹತ್ತಿರ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಗುದ್ದಲಿ ಪೂಜೆ. ಹಿಟ್ಲರ್ ಕೈಯಲ್ಲಿ ಸಲಿಕೆ, ಸುತ್ತ ಕ್ಯಾಮೆರಾಗಳು. ಮೂರು ತಿಂಗಳಲ್ಲಿ ಇಷ್ಟು ಬೇಗ ಹೇಗೆ ಸಾಧ್ಯವಾಯಿತು ಅಂತ ಆಶ್ಚರ್ಯಪಡಬೇಡಿ, ನಕ್ಷೆ ಹಾಫ್ರಾಬಾದ್ದು. ಬೇರೆಯವರ ಪ್ರಾಜೆಕ್ಟ್ ಪ್ಲಾನ್ ಎತ್ತಿಕೊಂಡು, ಮೊದಲ ಸ್ಲೈಡಿನಲ್ಲಿ ತನ್ನ ಹೆಸರು ಹಾಕಿಕೊಂಡ ಮ್ಯಾನೇಜರನ್ನು ನೀವೂ ನೋಡಿರ್ತೀರಿ.

ದುಡ್ಡು ಯಾರದು? ಬಹುದೊಡ್ಡ ಪಾಲು ಬಂದದ್ದು ನಿರುದ್ಯೋಗ ವಿಮೆಯ ನಿಧಿಯಿಂದ. ಅಂದರೆ ಕೂಲಿಗಾರರು ಕಷ್ಟಕಾಲಕ್ಕೆ ಅಂತ ಕಟ್ಟಿದ ಹಣವೇ ಏರಿಯಾಗಿ, ಸೇತುವೆಯಾಗಿ ಬಿತ್ತು. ಕೆಲಸ ಎಷ್ಟು ಜನಕ್ಕೆ ಸಿಕ್ಕಿತು? ಆರು ಲಕ್ಷ ಜನಕ್ಕೆ ಅಂತ ಡಂಗುರ ಹೊಡೆದರು. ಕೆಲಸ ಜೋರಾಗಿದ್ದ 1936ರಲ್ಲೂ ರಸ್ತೆಯ ಮೇಲೆ ದುಡಿಯುತ್ತಿದ್ದವರು ಒಂದೂಕಾಲು ಲಕ್ಷದ ಆಸುಪಾಸು. 1933ರ ಶುರುವಿನಲ್ಲಿ ದೇಶದ ನಿರುದ್ಯೋಗಿಗಳು ಅರವತ್ತು ಲಕ್ಷ. ಆ ಸಂಖ್ಯೆ ಮುಂದೆ ಇಳಿದದ್ದು ನಿಜ, ಆದರೆ ಅದರಲ್ಲಿ ರಸ್ತೆಗಿಂತ ಶಸ್ತ್ರಾಸ್ತ್ರ ಕಾರ್ಖಾನೆಗಳ, 1935ರಲ್ಲಿ ಮತ್ತೆ ಜಾರಿಯಾದ ಕಡ್ಡಾಯ ಸೇನಾ ಭರ್ತಿಯ ಪಾಲು ಬಹಳ ದೊಡ್ಡದು. ಕೂಲಿ ಕಡಿಮೆ, ಇರೋದಕ್ಕೆ ಶೆಡ್ಡು, ಮನೆ ದೂರ. ಮುಷ್ಕರ ಹೂಡಿದವರನ್ನು ಪೊಲೀಸರು ಹಿಡಿದುಕೊಂಡು ಹೋದರು.

ಇನ್ನು ಕಾರು. ಆ ರಸ್ತೆಗಳ ಮೇಲೆ ಓಡಿಸಲು ಜನಸಾಮಾನ್ಯರ ಹತ್ತಿರ ಕಾರೇ ಇರಲಿಲ್ಲ. ವಾರಕ್ಕೆ ಐದು ಮಾರ್ಕ್ ಕಟ್ಟಿ, ಪುಸ್ತಕಕ್ಕೆ ಸ್ಟಾಂಪ್ ಅಂಟಿಸಿಕೊಳ್ಳಿ, ಅದು ತುಂಬಿದ ದಿನ ಫೋಕ್ಸ್‌ವ್ಯಾಗನ್ ನಿಮ್ಮದು ಅಂತ ಸರ್ಕಾರ ಸ್ಕೀಮ್ ಮಾಡಿತು. ಸುಮಾರು 3,36,000 ಜನ ಕಟ್ಟಿದರು. ಯುದ್ಧ ಮುಗಿಯೋವರೆಗೆ ಅವರಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ. ಕಾರ್ಖಾನೆ ಸೇನೆಯ ವಾಹನ ಮಾಡುತ್ತಿತ್ತು. ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ, 1961ರಲ್ಲಿ, ಪೂರ್ತಿ ಕಂತು ಕಟ್ಟಿದವರಿಗೆ ಹೊಸ ಕಾರಿನ ಮೇಲೆ 600 ಮಾರ್ಕಿನವರೆಗೆ ರಿಯಾಯಿತಿ ಅಂತ ರಾಜಿಯಾಯಿತು. ಅತ್ತ ಆಟೋಬಾನ್ ಮೇಲೆ ಮೋಟಾರು ಸಂಚಾರ ಎಷ್ಟು ಕಡಿಮೆಯಾಗಿತ್ತು ಅಂದ್ರೆ, 1943ರಲ್ಲಿ ಅದರ ಮೇಲೆ ಸೈಕಲ್ ಹೊಡೆಯಲು ಜನರಿಗೆ ಅನುಮತಿ ಕೊಟ್ಟರು.

ಇಷ್ಟು ಹೇಳಿದರೆ "ಸರಿ ಬಿಡಿ, ಕ್ರೆಡಿಟ್ ಪೂರ್ತಿ ಅವನದ್ದಲ್ಲ, ಆದ್ರೂ ಸ್ವಲ್ಪವಾದರೂ ಇದೆಯಲ್ಲ" ಅನ್ನಬಹುದು ನೀವು. ನ್ಯಾಯವಾದ ಮಾತೇ. ಪ್ಲಾನ್ ಎಲ್ಲರ ಹತ್ತಿರವೂ ಇರುತ್ತೆ, ಮಾಡಿ ಮುಗಿಸೋದು ಬೇರೆ. 1938ರ ಕೊನೆಗೆ 3,000 ಕಿ.ಮೀ. ರಸ್ತೆ ಮುಗಿದಿತ್ತು, ಇದು ಸುಳ್ಳಲ್ಲ. ಮೂರು ವರ್ಷ ಕೆಲಸವಿಲ್ಲದೆ, ಮಕ್ಕಳ ಮುಂದೆ ತಲೆ ತಗ್ಗಿಸಿ ಕೂತಿದ್ದ ಮನುಷ್ಯನ ಕೈಗೆ ಸಲಿಕೆ ಬಂದಾಗ ಅವನಿಗೆ ಆದ ಸಮಾಧಾನವೂ ಸುಳ್ಳಲ್ಲ. ಅವನು ಕೃತಜ್ಞನಾಗಿದ್ದರೆ ಇಷ್ಟು ದೂರ ಕೂತು ಅವನನ್ನು ಹೀಗಳೆಯುವ ಹಕ್ಕು ನನಗಿಲ್ಲ. ಹಸಿದವನಿಗೆ ಅನ್ನ ಹಾಕಿದ ಕೈಯ ಪೂರ್ವಾಪರ ವಿಚಾರಿಸು ಅಂತ ಹೇಳೋದು ಹೊಟ್ಟೆ ತುಂಬಿದವರಿಗೆ ಸುಲಭ.

ಹಾಗಾಗಿ ಜಮಾ ಕಾಲಮಿನಲ್ಲಿ ಏನೋ ಒಂದಿಷ್ಟು ಇದೆ ಅಂತಲೇ ಇಟ್ಟುಕೊಳ್ಳೋಣ. ಈಗ ನಿಜವಾದ ತೊಡಕು ಬರುತ್ತೆ. ಅದನ್ನು ಖರ್ಚಿನಿಂದ ಕಳೆಯಬಹುದಾ?

ಜಮಾ-ಖರ್ಚಿಗೆ ಒಂದು ನಿಯಮ ಇದೆ: ಎರಡೂ ಒಂದೇ ಖಾತೆಯದ್ದಾಗಿರಬೇಕು. ನಿಮ್ಮ ಖಾತೆಗೆ ಬಂದ ಸಂಬಳದಿಂದ ಪಕ್ಕದ ಮನೆಯವರ ಸಾಲ ಕಳೆಯಲು ಆಗುವುದಿಲ್ಲ. 1938ರ ಡಿಸೆಂಬರ್ 3ರಂದು ಹಿಮ್ಲರ್ ಒಂದು ಆದೇಶ ಹೊರಡಿಸಿದ. ಜರ್ಮನಿಯ ಯಹೂದಿಗಳ ಡ್ರೈವಿಂಗ್ ಲೈಸೆನ್ಸ್ ರದ್ದು, ಅವರು ಕಾರು ಇಟ್ಟುಕೊಳ್ಳುವಂತಿಲ್ಲ. 3,000 ಕಿ.ಮೀ. ಮುಗಿದ ಸಂಭ್ರಮವೂ ಇದೇ ತಿಂಗಳದ್ದು. ತೆರಿಗೆ ಕಟ್ಟಿದವರಲ್ಲಿ ಅವರೂ ಇದ್ದರು, ರಸ್ತೆ ಅವರಿಗಿರಲಿಲ್ಲ. ಕತೆ ಅಲ್ಲಿಗೆ ಮುಗಿಯಲಿಲ್ಲ. ಯುದ್ಧ ಶುರುವಾಗಿ ಜರ್ಮನ್ ಕೂಲಿಗಾರರು ಸೈನ್ಯಕ್ಕೆ ಹೋದ ಮೇಲೆ, ಪೂರ್ವದ ಕಡೆಯ ಆಟೋಬಾನ್ ಕೆಲಸಕ್ಕೆ ಯುದ್ಧಕೈದಿಗಳನ್ನೂ ಯಹೂದಿಗಳನ್ನೂ ಬಲವಂತವಾಗಿ ಹಚ್ಚಿದರು. ಅದಕ್ಕೆಂದೇ ಕ್ಯಾಂಪುಗಳಿದ್ದವು. ಯಾವ ರಸ್ತೆಯ ಮೇಲೆ ಗಾಡಿ ಓಡಿಸಬಾರದು ಅಂತ ಲೈಸೆನ್ಸ್ ಕಿತ್ತುಕೊಂಡರೋ ಅದೇ ರಸ್ತೆಯ ಮಣ್ಣು ಹೊರಲು ಅವರನ್ನೇ ತಂದರು.

ಈಗ ಹೇಳಿ, ಈ ಮನುಷ್ಯನ ಖರ್ಚಿನಿಂದ ಯಾರ ಜಮಾ ಕಳೀತೀರಿ? ಉಪಕಾರ ಪಡೆದವನು ಒಬ್ಬ, ಬೆಲೆ ಕೊಟ್ಟವನು ಇನ್ನೊಬ್ಬ. ಮೊದಲನೆಯವನು ಎರಡನೆಯವನ ಪರವಾಗಿ "ಹೋಗ್ಲಿ ಬಿಡಿ, ಲೆಕ್ಕ ಚುಕ್ತಾ" ಅಂತ ರುಜು ಹಾಕೋದು ಹೇಗೆ? "ಏನೇ ಅನ್ನಿ, ರಸ್ತೆ ಮಾಡಿಸಿದನಲ್ಲ" ಅನ್ನುವ ವಾಕ್ಯ ಮಾಡೋದು ಅದನ್ನೇ. ಅದನ್ನು ಹೇಳೋರು ಯಾವಾಗಲೂ ರಸ್ತೆ ಸಿಕ್ಕವರು. ಮನೆ ಕಳಕೊಂಡವರ ಬಾಯಲ್ಲಿ ಆ ವಾಕ್ಯ ನಾನು ಇದುವರೆಗೆ ಕೇಳಿಲ್ಲ.

ಇದರ ಜೊತೆ ಇನ್ನೊಂದು ವಿಷಯವಿದೆ. ಅದನ್ನು ಕಲಿಸೋದು ಓಡಾಟದ ರಸ್ತೆಗಳಲ್ಲ, ಕಾಡು ಬೆಳೆದ ಆ 46ನೇ ಮಾರ್ಗ. ಕೊಡುವವನ ಮನಸ್ಸು ಕೊಟ್ಟದ್ದರಲ್ಲಿ ಅಷ್ಟಾಗಿ ಕಾಣಿಸೋದಿಲ್ಲ, ಕೈ ಬಿಗಿಯಾದಾಗ ಅವನು ಮೊದಲು ಏನನ್ನು ಬಿಡುತ್ತಾನೆ ಅನ್ನೋದರಲ್ಲಿ ಕಾಣಿಸುತ್ತೆ. ಮನೆ ಖರ್ಚು ನಡೆಸುವ ಯಾರಿಗಾದರೂ ಇದು ಗೊತ್ತು. ಸಂಬಳ ತಡವಾದ ತಿಂಗಳು ಸಿನಿಮಾ ಬಿಡ್ತೀವಿ, ಮಗುವಿನ ಹಾಲು ಬಿಡಲ್ಲ.

46ನೇ ಮಾರ್ಗದ ಬಗ್ಗೆ ಓದುವಾಗ "ಯುದ್ಧ ಬಂತು, ಕೆಲಸ ನಿಂತಿತು" ಅಂತಿರುತ್ತೆ. ಕನ್ನಡದಲ್ಲಿ ಮಳೆ ಬಂತು, ಜ್ವರ ಬಂತು ಅನ್ನೋ ಹಾಗೆ ಯುದ್ಧವೂ 'ಬಂತು'. ಆ ಯುದ್ಧ ತಾನಾಗಿ ಬಂದದ್ದಲ್ಲ. 1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ನುಗ್ಗಿದ್ದು ಜರ್ಮನಿ. ಅದಕ್ಕೂ ಸುಮಾರು ಹತ್ತು ತಿಂಗಳು ಮುಂಚೆ, 1938ರ ಅಕ್ಟೋಬರ್ 24ರಂದು, ವಿದೇಶಾಂಗ ಸಚಿವ ರಿಬೆನ್‌ಟ್ರಾಪ್ ಪೋಲೆಂಡಿನ ರಾಯಭಾರಿಯ ಮುಂದಿಟ್ಟ ಬೇಡಿಕೆಗಳಲ್ಲಿ ಒಂದು ಆಟೋಬಾನೇ ಆಗಿತ್ತು: ಪೋಲೆಂಡಿನ ನೆಲದ ಮೂಲಕ ಪೂರ್ವ ಪ್ರಷ್ಯಾಕ್ಕೆ ಹೋಗುವ, ಆದರೆ ಪೋಲೆಂಡಿನ ಕಾನೂನು ನಡೆಯದ ಹೆದ್ದಾರಿ. ರಸ್ತೆ ಅಲ್ಲಿ ಇನ್ನೊಬ್ಬರ ಮನೆ ಬಾಗಿಲಿಗೆ ಇಟ್ಟ ಕಾಲು.

ಹಾಗೆ ತಾನೇ ಶುರು ಮಾಡಿದ ಯುದ್ಧದ ಎರಡನೇ ತಿಂಗಳಲ್ಲೇ 46ನೇ ಮಾರ್ಗವನ್ನು ಕೈಬಿಟ್ಟರು. ಯುದ್ಧದಲ್ಲಿ ಯಾವ ದೇಶವಾದರೂ ರಸ್ತೆ ಕೆಲಸ ನಿಲ್ಲಿಸುತ್ತೆ, ಅದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ಹಾಗಾದರೆ ಇದರ ಎದುರಿಗೆ ಯಾವುದನ್ನು ಕೊನೆವರೆಗೂ ಬಿಡಲಿಲ್ಲ ಅನ್ನೋದನ್ನು ಇಟ್ಟು ನೋಡಿ. 1944ರ ಬೇಸಿಗೆ. ಸೋಲು ಕಣ್ಣೆದುರಿಗಿದೆ, ಎಲ್ಲದಕ್ಕೂ ಕೊರತೆ, ಸೈನ್ಯಕ್ಕೇ ರೈಲು ಸಾಲದು. ಅಂಥ ಹೊತ್ತಲ್ಲಿ ಮೇ ತಿಂಗಳಿಂದ ಜುಲೈ ಒಳಗೆ ಹಂಗೇರಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಕಳಿಸಿದರು. ಬಹುಪಾಲು ಜನರನ್ನು ಆಶ್ವಿಟ್ಸ್‌ಗೆ. ಸೇತುವೆಗೆ ಕಲ್ಲಿಲ್ಲ, ಆಳಿಲ್ಲ, ದುಡ್ಡಿಲ್ಲ. ಇದಕ್ಕೆ ಮಾತ್ರ ಗಾಡಿ ಇತ್ತು, ಹಳಿ ಇತ್ತು, ವೇಳಾಪಟ್ಟಿ ಇತ್ತು.

ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಆಡಳಿತಗಾರ ತನ್ನ ಆದ್ಯತೆಗಳನ್ನು ಬರೆದುಕೊಡಲಾರ. ಅವನಿಗೆ ಬೇಕಿದ್ದದ್ದು ಸಲಿಕೆ ಹಿಡಿದ ಫೋಟೋ, ಬೆರಗಾದ ಜನ. ಅವು ಎರಡೂ 1930ರ ದಶಕದಲ್ಲೇ ಸಿಕ್ಕಿದ್ದವು. ರಸ್ತೆ ಪೂರ್ತಿಯಾಗಲೇಬೇಕು ಅಂತ ಏನಿರಲಿಲ್ಲ. ಹೀಗಾಗಿ 'ರಸ್ತೆ ಒಳ್ಳೆಯದು, ಉಳಿದದ್ದು ಕೆಟ್ಟದ್ದು' ಅಂತ ಎರಡು ಡಬ್ಬಿ ಮಾಡಿ ಇಡೋದೂ ಕಷ್ಟ. ಆ ರಸ್ತೆ ಹುಟ್ಟಿದ್ದು ಉಳಿದದ್ದರ ಕೆಲಸಕ್ಕಾಗಿಯೇ. ಅದರ ಕೆಲಸ ಮುಗಿದ ಮೇಲೆ ಅದನ್ನು ಕಾಡಿಗೆ ಎಸೆದರು.

ಹಾಗಾದರೆ ಅಂಥ ರಸ್ತೆಗಳ ಮೇಲೆ ಓಡಾಡೋದೇ ತಪ್ಪಾ? ಜರ್ಮನಿಯಲ್ಲಿದ್ದ ಎರಡು ವರ್ಷವೂ ನಾನು ಆಟೋಬಾನ್ ಮೇಲೆ ಓಡಾಡಿದ್ದೀನಿ, ಖುಷಿಯಾಗೇ ಓಡಾಡಿದ್ದೀನಿ. 1935ರ ಮೇ 19ರಂದು ಉದ್ಘಾಟನೆಯಾದ ಮೊದಲ ತುಂಡು, ಫ್ರಾಂಕ್‌ಫರ್ಟಿನಿಂದ ಡಾರ್ಮ್‌ಸ್ಟಾಟ್‌ಗೆ ಹೋಗೋ ದಾರಿ, ಇವತ್ತೂ ಎ-5 ಅನ್ನುವ ಹೆಸರಲ್ಲಿ ಟ್ರಾಫಿಕ್ಕಿನಿಂದ ತುಂಬಿ ತುಳುಕುತ್ತೆ. ಬಳಸೋದು ಬೇರೆ, ಋಣಿಯಾಗೋದು ಬೇರೆ. ನಮ್ಮ ಸಂಸ್ಕಾರದಲ್ಲಿ 'ಉಂಡ ಮನೆಗೆ ಎರಡು ಬಗೆಯಬಾರದು' ಅಂತ ಒಂದು ಮಾತು ಆಳಕ್ಕೆ ಇಳಿದಿದೆ. ಅಧಿಕಾರಸ್ಥರು ಆ ಮಾತನ್ನು ಚೆನ್ನಾಗಿ ಬಳಸಿಕೊಳ್ತಾರೆ. ರಸ್ತೆ ನಾನು ಕೊಟ್ಟೆ, ನೀನು ಓಡಾಡಿದೆ, ಈಗ ಬಾಯಿ ಮುಚ್ಚಿಕೊಂಡಿರು ಅಂತ. ಆದರೆ ಆ ಮನೆ ಅವರದ್ದಲ್ಲ. ಉಂಡದ್ದು ನಮ್ಮದೇ ಮನೆಯ ಅನ್ನ, ಬಡಿಸಲು ನಿಂತವನು ತನ್ನ ಹೆಸರನ್ನು ಪಾತ್ರೆಯ ಮೇಲೆ ಬರೆಸಿಕೊಂಡಿದ್ದ, ಅಷ್ಟೆ.

ಋಣ ಅಂತ ಇದ್ದರೆ ಅದು ಆ ಕಲ್ಲು ಕೆತ್ತಿದವರಿಗೆ. ಬುರ್ಗ್‌ಸಿನ್ ಹತ್ತಿರದ ಆ ಸೇತುವೆಯನ್ನು ನೋಡಿ "ಚೆನ್ನಾಗಿ ಕಟ್ಟಿದ್ದಾರೆ" ಅನ್ನುವಾಗ ನಾನು ಹೇಳಿದ್ದು ಅವರ ಬಗ್ಗೆಯೇ. ಮೂಲೆಗಳಲ್ಲಿ ಕಲ್ಲಿಗೆ ಕಲ್ಲು ಕೂರಿಸಿರುವ ರೀತಿ ನೋಡಿದರೆ, ಯಾರೋ ಗಾರೆ ಕೆಲಸದವನು ಮೇಸ್ತ್ರಿಯ ಕಣ್ಣಿಗಾಗಿ ಅಲ್ಲ, ತನ್ನ ಕೈಗೆ ಸಮಾಧಾನ ಆಗಲಿ ಅಂತ ಮಾಡಿದ ಹಾಗಿದೆ. ಅದನ್ನು ಮೆಚ್ಚಲು ನಾಚಿಕೆ ಬೇಕಿಲ್ಲ. ಜರ್ಮನರು ಅದನ್ನು ಸಂರಕ್ಷಿತ ಸ್ಮಾರಕ ಮಾಡಿ, ಕೆಡವದೆ, ಮುಗಿಸದೆ, ಹಾಗೇ ಬಿಟ್ಟದ್ದು ನನಗೆ ಸರಿ ಅನ್ನಿಸುತ್ತೆ. ಕೆಡವಿದ್ದರೆ ಕಲ್ಲುಕುಟಿಗನ ದುಡಿಮೆ ಮಾಯವಾಗುತ್ತಿತ್ತು. ಮುಗಿಸಿದ್ದರೆ ಫೋಟೋದಲ್ಲಿದ್ದವನ ಮಾತು ನಿಜವಾಗುತ್ತಿತ್ತು.

ಕೊನೆಗೆ ಮತ್ತೆ ನಮ್ಮ ವಾಕ್ಯಕ್ಕೆ. ಕನ್ನಡದಲ್ಲಿ 'ಏನೇ ಅನ್ನಿ' ಅನ್ನೋದು ಮೋಜಿನ ಪ್ರಯೋಗ. ಮೇಲ್ನೋಟಕ್ಕೆ ಏನು ಬೇಕಾದರೂ ಮಾತಾಡಿ ಅಂತ ಅಪ್ಪಣೆ ಕೊಟ್ಟ ಹಾಗಿರುತ್ತೆ. ನಿಜದಲ್ಲಿ ಅದು ಹೇಳೋದು, ನೀವು ಏನಂದರೂ ನಾನು ಕೇಳಲ್ಲ ಅಂತ. ನಮ್ಮ ತೊಂದರೆ ಇರೋದು ಆ ಎರಡು ಪದದಲ್ಲಿ, ರಸ್ತೆಯಲ್ಲಲ್ಲ. ರಸ್ತೆ ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ, ಅಲ್ಲಿಗೊಂದು ಫುಲ್‌ಸ್ಟಾಪ್ ಇಡಿ. ಆಮೇಲೆ ಯಾರ ಮನೆ ಹೋಯಿತು, ಯಾರ ಬಾಯಿ ಮುಚ್ಚಿತು ಅನ್ನೋದಕ್ಕೆ ಬೇರೆ ವಾಕ್ಯ ಶುರು ಮಾಡಿ. ಎರಡೂ ವಾಕ್ಯ ಪಕ್ಕಪಕ್ಕದಲ್ಲಿ ನಿಲ್ಲಲಿ. ಒಂದು ಇನ್ನೊಂದನ್ನು ಅಳಿಸುವ ರಬ್ಬರ್ ಆಗಬೇಕಿಲ್ಲ.